ಕಕ್ಷಿದಾರರ ಕುರ್ಚಿ

ವಲಸೆ ಬಂದವರ ಪರ ಪುಕ್ಕಟೆ ವಾದಿಸಲು ಮುಂದಾದ ವಕೀಲರಿಗೆ ತರಬೇತಿ ಕೊಡುವ ಮೇಡಂ, ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಕಕ್ಷಿದಾರರ ಕುರ್ಚಿಯಲ್ಲಿ ಕೂತು ನಟಿಸುತ್ತಾರೆ. ಒಂದು ವಾರ ಅಡುಗೆಯವಳು, ಇನ್ನೊಂದು ವಾರ ಗಾರೆ ಕೆಲಸದವನು. ಇಲ್ಲದ ಮೀಸೆಯನ್ನು ಅವರು ತಿರುವುವ ಠೀವಿಗೆ ನ್ಯಾಯಾಧೀಶರೂ ಎದ್ದು ನಿಲ್ಲಬೇಕು. ವಕೀಲರು ಗಡಿಯಾರ ನೋಡಿದರೆ ಸಾಕು, ಮೇಡಂ ಬಾಯಿಗೆ ಬೀಗ ಬೀಳುತ್ತದೆ. ದಬಾಯಿಸಿದರೆ ಗೊಳೋ ಎಂದು ಅತ್ತು, ಮರುಕ್ಷಣವೇ ಕಣ್ಣೊರೆಸಿಕೊಂಡು, "ಕೆಡಿಸಿದ್ರಲ್ಲ ಸ್ವಾಮಿ ಕೇಸನ್ನ! ಮೊದಲು ಕುಡಿಯೋಕೆ ನೀರು ಕೊಡಿ, ಆಮೇಲೆ ಪ್ರಶ್ನೆ ಕೇಳಿ," ಎನ್ನುತ್ತಾರೆ. ವಾರ ವಾರವೂ ಅವರ ಹೆಸರು, ಊರು, ಕಸುಬು ಎಲ್ಲ ಬದಲಾಗುತ್ತವೆ. ಆದರೆ "ಮನೆ ಬಿಡುವಾಗ ಯಾರಿದ್ರು?" ಎಂದು ಕೇಳಿದರೆ ಅಡುಗೆಯವಳದೂ ಗಾರೆಯವನದೂ ಒಂದೇ ಉತ್ತರ. ಆಗ ಮಾತ್ರ ಮೇಡಂ ಅಳುವುದಿಲ್ಲ. "ಅಮ್ಮ ಬಾಗಿಲಲ್ಲಿ ನಿಂತಿದ್ಲು. ಸಂಜೆಗೆ ಬಂದ್ಬಿಡ್ತೀನಮ್ಮ ಅಂತ ಹೇಳಿ ಬಂದೆ."