ದಾದೇಸಾಬನ ಕಲ್ಲು

ನಮ್ಮ ಓಣಿಯ ದಾದೇಸಾಬ ಗಂಗಾವತಿಯಿಂದ ಕನಕಗಿರಿಗೆ ಬರುವ ರಸ್ತೆಬದಿಯ ಟೆಲಿಫೋನ್ ಕೇಬಲ್ಲನ್ನು ಇಪ್ಪತ್ತು ವರ್ಷ ಕಾಯ್ದವನು. ಯಾರೂ ಅಲ್ಲಿ ಅಗೆಯದಂತೆ ನೋಡಿಕೊಳ್ಳುತ್ತ ದಿನಾ ನಡೆಯುತ್ತಿದ್ದ. ಆ ಕೇಬಲ್ಲಿಗೆ ತಗ್ಗು ತೋಡಿದವರಲ್ಲಿ ಅವನೂ ಒಬ್ಬ.

೧೯೯೮ರ ಬೇಸಿಗೆ. ಕೂಲಿಯವರು ರಸ್ತೆಬದಿಯಲ್ಲೇ ಗುಡಿಸಲು ಹಾಕಿಕೊಂಡು, ಕೆಲಸ ಮುಂದೆ ಹೋದಂತೆ ತಾವೂ ಮುಂದೆ ಹೋಗುತ್ತಿದ್ದರು. ಅಂಥದೊಂದು ಗುಡಿಸಲಲ್ಲಿ ಅವನ ಹೆಂಡತಿ ಗೌಸಬೀ ಹೆಣ್ಣುಮಗು ಹೆತ್ತಳು. ಮಗು ಒಂದು ಹಗಲು ಉಸಿರಾಡಿತು. ಪರಿಚಯದ ಊರಲ್ಲ, ಖಬರಸ್ತಾನ ದೂರ. ದಾದೇಸಾಬ ಒಂದು ಬೇವಿನ ಮರದ ಹತ್ತಿರ ತಾನೇ ಕುಣಿ ತೋಡಿ ಮಣ್ಣು ಮಾಡಿದ. ಕೇಬಲ್ಲು ರಸ್ತೆಯ ಆಚೆ ಬದಿಗೆ ಹೋಗುತ್ತದೆಂದು ತಿಳಿದಿದ್ದ. ನಾಲ್ಕು ದಿನಕ್ಕೆ, ತಗ್ಗು ತೋಡಲು ಎಳೆಯುವ ಸುಣ್ಣದ ಗೆರೆ ಈಚೆ ಬದಿಗೆ ಬಂತು, ಸರಿಯಾಗಿ ಮಗುವಿನ ಮೇಲೆ.

“ಇಲ್ಲಿ ಕೆಳಗ ದೊಡ್ಡ ಕಲ್ಲ ಐತ್ರಿ,” ಎಂದ, ಮೇಸ್ತ್ರಿ ಹನುಮಣ್ಣನಿಗೆ.

“ನೆಲದಾಗಿಂದು ನಿನಗ ಹೆಂಗ ಕಾಣತೈತಲೇ?”

“ನನಗ ಕಾಣಂಗಿಲ್ರಿ, ಗುದ್ದಲಿಗೆ ಕಾಣತೈತಿ.”

ಹನುಮಣ್ಣ ನಕ್ಕು ಗೆರೆಯನ್ನು ಮರದ ಹಿಂದಿನಿಂದ ಸುತ್ತಿಸಿದ. ನಕ್ಷೆಯಲ್ಲಿ ಅದು ನೇರವಾಗಿಯೇ ಉಳಿಯಿತು. ಕೆಲಸ ಮುಗಿದ ಮೇಲೆ ದಾದೇಸಾಬ ಕಾವಲಿನ ಕೆಲಸ ಕೇಳಿ ಪಡೆದು ಕನಕಗಿರಿಯಲ್ಲೇ ಮನೆ ಮಾಡಿದ. ಗೌಸಬೀ ಪ್ರತಿ ಗುರುವಾರ ಸಂಜೆ ಆ ಮರದ ಹತ್ತಿರ ಹೋಗಿ ಊದುಬತ್ತಿ ಹಚ್ಚಿ ಬರುತ್ತಿದ್ದಳು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

೨೦೧೮ರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯವರೂ ಜಪಾನಿನ ಒಂದು ವಿಶ್ವವಿದ್ಯಾಲಯದವರೂ ಕೂಡಿ ಆ ಕೇಬಲ್ಲಿನಲ್ಲಿ ಬಳಸದೆ ಉಳಿದಿದ್ದ ಎರಡು ಗಾಜಿನ ಎಳೆಗಳನ್ನು ಪರೀಕ್ಷೆಗೆ ಪಡೆದರು. ಕೂದಲಿನಂಥ ಆ ಎಳೆಯಲ್ಲಿ ಬೆಳಕಿನ ಮೂಲಕ ಎಷ್ಟು ವೇಗವಾಗಿ ಮಾಹಿತಿ ಕಳಿಸಬಹುದೆಂದು ನೋಡಬೇಕಿತ್ತು. ಪ್ರಯೋಗಶಾಲೆಯಲ್ಲಿ ಬೆಳಕು ಅಲುಗದೆ ಹೋಗುತ್ತದಂತೆ. ಇಲ್ಲಿ ಲಾರಿ ಹೋದರೂ, ರೈಸ್‌ಮಿಲ್ಲು ತಿರುಗಿದರೂ ನೆಲ ನಡುಗಿ ಬೆಳಕು ಅದುರುತ್ತಿತ್ತು. ಪ್ರತಿಯೊಂದು ಅದುರಿಗೂ ಕಾರಣ ಸಿಕ್ಕಿತು, ಒಂದನ್ನು ಬಿಟ್ಟು. ಅದು ಗುರುವಾರ ಸಂಜೆ, ಬೇವಿನ ಮರದ ಹತ್ತಿರ. ಅಲ್ಲೇ ನಕ್ಷೆಯಲ್ಲಿಲ್ಲದ ಬಾಗು ಇರುವುದೂ ತಿಳಿಯಿತು.

ಬಾಗು ತೆಗೆದು ನೇರ ಮಾಡಲು ಜೆಸಿಬಿ ಬಂತು. ಸಂಸ್ಥೆಯಲ್ಲಿದ್ದ ನಮ್ಮ ಕಡೆಯ ಹುಡುಗಿ ದೀಪಿಕಾ, ಜಪಾನಿನ ಮೊರಿತಾ ಜೊತೆಗಿದ್ದರು.

“ಕೆಳಗ ಕಲ್ಲ ಐತ್ರಿ ಮೇಡಂ,” ಎಂದ ದಾದೇಸಾಬ.

ಡ್ರೈವರ್ ಕಬ್ಬಿಣದ ಸರಳು ಊರಿದ. ಮೊಣಕಾಲುದ್ದ ಸರಾಗವಾಗಿ ಇಳಿಯಿತು.

“ಕಲ್ಲ ಎಲ್ಲೈತ್ರಿ ಚಾಚಾ?” ದೀಪಿಕಾ ಕೇಳಿದಳು.

ದಾದೇಸಾಬ ಓಡಿ ಹೋಗಿ ಆ ಸರಳನ್ನು ಎರಡೂ ಕೈಯಿಂದ ಹಿಡಿದ. “ತಗೀರಿ, ನನ್ನ ಕೂಸಿಗೆ ಚುಚ್ಚತೈತಿ.”

ಇಪ್ಪತ್ತು ವರ್ಷ ಯಾರಿಗೂ ಹೇಳದ್ದನ್ನು ಅಲ್ಲೇ ನಿಂತು ಹೇಳಿದ. ದೀಪಿಕಾ ಇಂಗ್ಲಿಷಿನಲ್ಲಿ ತಿಳಿಸಿದಳು. ಮೊರಿತಾ ಟೋಪಿ ತೆಗೆದು ಬಹಳ ಹೊತ್ತು ತಲೆ ಬಾಗಿಸಿ ನಿಂತರು. ಜೆಸಿಬಿ ಹಿಂದೆ ಹೋಯಿತು. ಇಂಥ ನೆಲದ ಅದುರನ್ನೂ ತಾಳುವ ಬೆಳಕೇ ತಮಗೆ ಬೇಕಾದದ್ದು, ಬಾಗು ಇರಲಿ ಎಂದರಂತೆ. ಕಾರಣಗಳ ಪಟ್ಟಿಯಲ್ಲಿ ಗುರುವಾರದ ಅದುರಿನ ಮುಂದೆ ದೀಪಿಕಾ ಗೌಸಬೀಯ ಹೆಸರು ಬರೆದುಕೊಂಡಳು.

ಎರಡು ತಿಂಗಳಾದ ಮೇಲೆ ಅವಳ ಫೋನ್ ಬಂತು.

“ಚಾಚಾ, ಚಾಚಿ ಈಗ ಮರದ ಹತ್ರ ಭಾಳ ಅಡ್ಡಾಡತಾರೇನ್ರಿ? ಗುರುವಾರ ಸಂಜಿ ಮೊದಲಿಗಿಂತ ಭಾಳ ಹೊತ್ತು ಅದುರತೈತಿ.”

“ಅಕಿ ಎಲ್ಲಿ ಹೋಗ್ತಾಳ್ರಿ? ಕಾಲ ಮುರಕೊಂಡು ಒಂದೂವರಿ ತಿಂಗಳಾತು, ಹಾಸಿಗ್ಯಾಗ ಅದಾಳ. ನಾನೂ ಅಕಿ ಬಾಜೂಕ ಅದೀನಿ, ಅತ್ತ ಹೋಗೇ ಇಲ್ಲ.”

“ಹಂಗಾದ್ರ ಅಲ್ಲಿ ಮತ್ತ್ಯಾರೋ ನಡದಾಡತಾರ್ರಿ,” ಎಂದಳು ದೀಪಿಕಾ.

“ಹೆಜ್ಜಿ ದೊಡ್ಡವೋ ಸಣ್ಣವೋ, ಗೊತ್ತಾಗತೈತೇನ್ರಿ?”

“ಹಗುರ ಅದಾವ್ರಿ. ಆಡಿನ ಮರಿ ಇರಬೇಕು ಚಾಚಾ.”

“ಗುರುವಾರ ಯಾವಾಗಂತ ಆಡಿಗೆ ಯಾರ ಹೇಳ್ತಾರ್ರಿ?”

ಅವತ್ತು ನಾನು ಗೌಸಬೀಗೆ ಗಂಜಿ ಒಯ್ದಿದ್ದೆ. ಫೋನಿಟ್ಟು ಬಂದು ದಾದೇಸಾಬ ಎಲ್ಲವನ್ನೂ ಹೆಂಡತಿಗೆ ಹೇಳಿದ. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ. ಗೌಸಬೀ ಹೆದರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

“ಇಪ್ಪತ್ತು ವರ್ಷ ಆತಲ್ರಿ,” ಎಂದಳು. “ಇನ್ನೂ ಹೆಜ್ಜಿ ಹಗುರ ಅದಾವಂದ್ರ, ಅಕಿ ಬೆಳದೇ ಇಲ್ಲೇನು?”

ದಾದೇಸಾಬ ಬಾಗಿಲ ಕಡೆ ನೋಡಿದ. ಅವತ್ತು ಗುರುವಾರ, ಬಿಸಿಲು ಇಳಿಯುತ್ತಿತ್ತು. ಊದುಬತ್ತಿಯ ಕಟ್ಟು ತೆಗೆದುಕೊಂಡು, ಚಪ್ಪಲಿ ಮೆಟ್ಟದೆ ಹೊರಟ.