ಕುಂದಾ ಡಬ್ಬಿಯ ಮೇಲಿನ ಶಾಂತಿ ಒಪ್ಪಂದ

ನಿನ್ನೆ ಲಂಡನ್ನಿನ ಸೌತ್‌ಹಾಲ್‌ನಿಂದ ಅಂಚೆಯಲ್ಲೊಂದು ಡಬ್ಬಿ ಬಂತು. ಮುಚ್ಚಳ ತೆಗೆದದ್ದೇ ತಡ, ಕೆಂಪಗೆ ಕಾದ ಹಾಲಿನ ವಾಸನೆ ಮನೆಯೆಲ್ಲ ಹರಡಿತು. ಕುಂದಾ, ನಮ್ಮೂರಿನ ಸಿಹಿ. ಊರಿನ ಹೆಸರು ಆಮೇಲೆ ಹೇಳುತ್ತೇನೆ, ಸ್ವಲ್ಪ ತಾಳಿ. ಆ ಹೆಸರಿಗಾಗಿಯೇ ನಾನೊಮ್ಮೆ ಲಂಡನ್ನಿನಲ್ಲಿ ಯುದ್ಧ ಹೂಡಿದ್ದೆ.

ಇಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನ ಪಿನ್ನರ್‌ನಲ್ಲಿ ಬ್ರಿಜಿಡ್ ಎಂಬ ನಿವೃತ್ತ ನರ್ಸ್ ಒಬ್ಬಳ ಮನೆಯ ಮಹಡಿಯಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಉತ್ತರ ಐರ್ಲೆಂಡಿನ ಕ್ಯಾಥೊಲಿಕ್ ಮುದುಕಿ. ಮೊದಲ ದಿನವೇ, ನಿಮ್ಮೂರು ಲಂಡನ್‌ಡೆರಿ ಅಂತೆ, ಅಲ್ಲಿಗೆ ಯಾವ ಟ್ಯೂಬ್ ರೈಲು ಎಂದು ಕೇಳಿಬಿಟ್ಟೆ. ಲಂಡನ್ ಬ್ರಿಜ್ ಇದ್ದ ಮೇಲೆ ಲಂಡನ್‌ಡೆರಿಯೂ ಇಲ್ಲೇ ಎಲ್ಲೋ ಇರಬೇಕೆಂಬುದು ನನ್ನ ಭೂಗೋಳ. ಬ್ರಿಜಿಡ್ ಕೆಟಲ್ ಕೆಳಗಿಟ್ಟಳು.

"ಈ ಮನೆಯಲ್ಲಿ ಅದು ಬರೀ ಡೆರಿ," ಎಂದಳು.

ಐರ್ಲೆಂಡ್ ಒಂದಾಗಬೇಕೆನ್ನುವವರಿಗೆ ಅದು ಡೆರಿ, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವವರಿಗೆ ಲಂಡನ್‌ಡೆರಿ. ಬಾಯಿ ತೆರೆದರೆ ಸಾಕು, ನೀನು ಯಾವ ಕಡೆಯವಳೆಂದು ಗೊತ್ತಾಗುತ್ತದೆ ಎಂದು ವಿವರಿಸಿದಳು. ಬಾಳೆಹಣ್ಣಿನ ಸಿಪ್ಪೆ ಹಿಡಿದು ಲಂಡನ್ನಿನ ಸ್ಟೇಷನ್ನುಗಳಲ್ಲಿ ಕಸದಬುಟ್ಟಿ ಹುಡುಕಿದ್ದರೆ ನಿಮಗೂ ಆ ಜಗಳದ ಪರಿಚಯವಿದೆ: ಒಳಗೆ ಬಾಂಬಿಡುತ್ತಾರೆಂಬ ಹೆದರಿಕೆಯಲ್ಲಿ ತೆಗೆದ ಬುಟ್ಟಿಗಳು ಎಷ್ಟೋ ಕಡೆ ಇನ್ನೂ ಮರಳಿಲ್ಲ. ನನಗಂತೂ ವಿವರಣೆಯೇ ಬೇಕಿರಲಿಲ್ಲ. ನಾನು ಬೆಳಗಾವಿಯವಳು.

ಪಕ್ಕದ ಕೋಣೆಗೆ ಬಂದ ಸುಲಭಾ ಕೂಡ ನಮ್ಮೂರವಳೇ. ಆದರೆ ಮನೆಮಾತು ಮರಾಠಿ. ಅವಳ ಬಾಯಲ್ಲಿ ಊರು 'ಬೇಳಗಾಂವ್'. ಕ್ಯಾನರಿ ವಾರ್ಫ್‌ಗೆ ಒಟ್ಟಿಗೇ ಕೆಲಸಕ್ಕೆ ಹೋಗುತ್ತಿದ್ದೆವು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡುತ್ತಿದ್ದೆವು. ಒಮ್ಮೆ ಅವಳ ತಾಯಿ ಕಳಿಸಿದ ಕುಂದಾ ಡಬ್ಬಿಯ ಮೇಲೆ ಮರಾಠಿಯಲ್ಲಿ 'ಬೇಳಗಾಂವ್' ಎಂದಿತ್ತು. ನಾನು ಪೆನ್ನು ತೆಗೆದು 'ಬೆಳಗಾವಿ' ಎಂದು ತಿದ್ದಿದೆ. ಅವಳು ನನ್ನದನ್ನು ಹೊಡೆದುಹಾಕಿ ಮತ್ತೆ ಬರೆದಳು. ನಾಲ್ಕು ದಿನ ಇದೇ ನಡೆದು ಐದನೆಯ ದಿನ ಮಾತು ಬಿಟ್ಟೆವು. ಡಬ್ಬಿಯ ಮೇಲೆ ಮಸಿ ಏರಿತು, ಒಳಗೆ ಬೂಷ್ಟು. ಸುಲಭಾ ಬೇರೆ ಮನೆ ನೋಡಿದಳು. ಗೆದ್ದೆ ಎಂದುಕೊಂಡೆ. ಆದರೆ ಮೆಟ್ಟಿಲ ಬಳಿ ಅವಳ ಸೂಟ್‌ಕೇಸು ಕಂಡ ದಿನವೂ ಕುಕ್ಕರಿಗೆ ಇಬ್ಬರ ಅಕ್ಕಿ ಹಾಕಿದೆ.

ಬ್ರಿಜಿಡ್ ಇಬ್ಬರನ್ನೂ ಅಡುಗೆಮನೆಗೆ ಕರೆದು, ಬೂಷ್ಟು ಹಿಡಿದ ಡಬ್ಬಿ ಮುಂದಿಟ್ಟು, ಗೆದ್ದವರು ತಿನ್ನಲಿ ಎಂದಳು. ಆಮೇಲೆ ತನ್ನ ತಂಗಿಯ ವಿಷಯ ತೆಗೆದಳು. ತಂಗಿ ಬ್ರಿಟನ್ನಿನ ಕಡೆಯವನನ್ನು ಮದುವೆಯಾಗಿದ್ದಳು. ಅಕ್ಕನಿಗೆ ಹಾಕಿದ ಕಾಗದಗಳ ಲಕೋಟೆಯ ಮೇಲೆ, ಗಂಡನ ಮನೆಯ ರೂಢಿಯಂತೆ, ತನ್ನ ಊರು 'ಲಂಡನ್‌ಡೆರಿ' ಎಂದು ಬರೆಯುತ್ತಿದ್ದಳು. ಬ್ರಿಜಿಡ್ ಅವನ್ನು ಒಡೆಯದೆ ವಾಪಸು ಕಳಿಸುತ್ತಿದ್ದಳು, ಹನ್ನೊಂದು ವರ್ಷ. ಉತ್ತರ ಐರ್ಲೆಂಡಿನಲ್ಲಿ ಶಾಂತಿ ಒಪ್ಪಂದವಾಗುವ ಹೊತ್ತಿಗೆ ತಂಗಿ ಬದುಕಿರಲಿಲ್ಲ.

"ಬಂದೂಕು ಹಿಡಿದವರೇ ಕೊನೆಗೆ ಒಂದು ಮೇಜಿಗೆ ಬಂದು ಕೂತರು," ಎಂದಳು. "ಊರಿಗೆ ನೀನಿಟ್ಟ ಹೆಸರು ಬಿಡು ಅಂತ ಯಾರಿಗೂ ಹೇಳಲಿಲ್ಲ. ಅಷ್ಟೇ ಸಾಕಿತ್ತು. ನನಗೇ ಹೊಳೆಯಲಿಲ್ಲ."

ಅಂದೇ ಫ್ರಿಜ್ಜಿನ ಮೇಲೆ ಒಪ್ಪಂದ ಅಂಟಿತು. ಯಾರು ಏನು ಬೇಕಾದರೂ ಕರೆಯಬಹುದು. ಇನ್ನೊಬ್ಬಳನ್ನು ತಿದ್ದಿದವಳು ವಾರವಿಡೀ ಪಾತ್ರೆ ತಿಕ್ಕಬೇಕು. ಸೂಟ್‌ಕೇಸು ಮೇಲೆ ಹೋಯಿತು. ಮುಂದಿನ ಎರಡು ವರ್ಷ ಪಾತ್ರೆ ತಿಕ್ಕಿದವಳು ಯಾರೆಂದು ನೀವು ಊಹಿಸಿರುತ್ತೀರಿ. ಸುಲಭಾ ಒಂದು ಸಲವೂ ಸಿಕ್ಕಿಬೀಳಲಿಲ್ಲ.

ಬ್ರಿಜಿಡ್ ಈಗಿಲ್ಲ. ನಿನ್ನೆಯ ಡಬ್ಬಿಯ ಮೇಲೆ, ಈಗ ಸೌತ್‌ಹಾಲ್‌ನಲ್ಲಿರುವ ಸುಲಭಾ ಮೊದಲ ಬಾರಿಗೆ ಕನ್ನಡದಲ್ಲಿ, ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದಳು: 'ಬೆಳಗಾವೀ ಕುಂದಾ'. ದೀರ್ಘ ತಪ್ಪು. ಕೈ ತಾನಾಗಿಯೇ ಪೆನ್ನಿಗೆ ಹೋಯಿತು. ಪೆನ್ನು ಕೆಳಗಿಟ್ಟು ಅವಳಿಗೆ ಫೋನ್ ಮಾಡಿದೆ.

"ಬೇಳಗಾಂವ್ ಕುಂದಾ ಮುಟ್ಟೇತಿ ನೋಡ," ಎಂದೆ.



"ಬೇಳಗಾಂವ್ ಅಲ್ಲ, ಬೆಳಗಾವಿ," ಎಂದಳು ಸುಲಭಾ.

"ತಿದ್ದಿದಿ. ಈ ವಾರ ಭಾಂಡೆ ನೀನ ತಿಕ್ಕಬೇಕ."

ಇಪ್ಪತ್ತು ವರ್ಷ ಕಾದು ಹೇಳಿದ ಮಾತು. ಹೇಳಿ ಇನ್ನೊಂದು ಚಮಚ ಕುಂದಾ ಬಾಯಿಗೆ ಹಾಕಿಕೊಂಡೆ. ಡಬ್ಬಿಯ ಮೇಲಿನ ದೀರ್ಘವನ್ನು ಹಾಗೇ ಬಿಟ್ಟಿದ್ದೇನೆ.