ಅರ್ಧ ದೋಣಿ ಕೇಳಿದ್ದರು

ನನ್ನ ಮೊಮ್ಮಗಳು ಬರೆದ ಮೂರು ಪುಸ್ತಕಗಳನ್ನೂ ನಾನು ಓದಿದ್ದೇನೆ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ಬಂದಲ್ಲಿ ಈಗಲೂ ಬೆರಳಿಟ್ಟು ನಿಲ್ಲುತ್ತೇನೆ. ಒಂದೊಂದು ಪುಸ್ತಕಕ್ಕೆ ಒಂದೊಂದು ಮಳೆಗಾಲ ಹಿಡಿಯಿತು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಆ ಕಥೆ ಹೇಳಿದೆ. ಕೋಟ ಪೇಟೆಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಹೇಳಿದ್ದೂ ಉಂಟು. ಪುಸ್ತಕದ ಮೇಲೆ ಅವಳ ಹೆಸರು ದಪ್ಪಕ್ಷರದಲ್ಲಿ ಕಂಡ ದಿನದ ಖುಷಿ ಇವತ್ತಿಗೂ ಇಳಿದಿಲ್ಲ. ಆ ಖುಷಿಯಲ್ಲೇ ನಾನು ಅವಳ ಕಥೆ ಕೆಡಿಸಿದೆ. ಹೇಳಬೇಕಾದದ್ದು ಅದನ್ನೇ.

ನಾನು ಹಂಗಾರಕಟ್ಟೆಯಲ್ಲಿ ಮರದ ದೋಣಿ ಕಟ್ಟುತ್ತಿದ್ದವನು. ಮಗಳನ್ನು ನಾವುಂದಕ್ಕೆ ಕೊಟ್ಟಿದ್ದೆವು. ಅಳಿಯ ಮೀನಿಗೆ ಹೋಗುತ್ತಿದ್ದ ದೋಣಿಯೂ ನಾನೇ ಕಟ್ಟಿದ್ದು. ತೊಂಬತ್ತೇಳನೇ ಇಸವಿಯಲ್ಲಿ, ಮಳೆ ಹಿಡಿಯುವ ಮೊದಲು, ದೋಣಿ ದಡಕ್ಕೆ ಬಂತು, ಅಳಿಯ ಬರಲಿಲ್ಲ. ಮಗಳನ್ನೂ ಆರು ವರ್ಷದ ಮೊಮ್ಮಗಳನ್ನೂ ಮನೆಗೆ ಕರೆದುಕೊಂಡು ಬಂದೆ. ದೋಣಿಯನ್ನು ಬೇರೆಯವರಿಗೆ ಕೊಡಲು ಮನಸ್ಸಾಗದೆ ಅದನ್ನೂ ಲಾರಿಗೆ ಹೇರಿ ತಂದು ಹೊಳೆಬದಿಯಲ್ಲಿ ಇಟ್ಟೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಪುಟ್ಟದು ದೋಣಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಬೈಯುತ್ತಿದೆ.

"ಅಪ್ಪಯ್ಯನ್ನ ಎಂತಕ್ಕೆ ಬಿಟ್ಟ್ ಬಂದೆ? ನಾಚ್ಕಿ ಇಲ್ಯಾ ನಿಂಗೆ?"

ಬಾಯಿಗೆ ಬಂದದ್ದು ಹೇಳಿದೆ. "ಅದನ್ನ ಬೈಬೇಡ ಹೆಣೆ. ಅದಕ್ಕೆ ಸುಸ್ತ್ ಆಯ್ತ್. ಸುಸ್ತ್ ಕಳದ್ರೆ ಮತ್ತೆ ಹೋತ್, ಕರ್ಕಂಡ್ ಬತ್ತ್."

"ಅಪ್ಪಯ್ಯನ್ನ ಮಾತ್ರವಾ, ಎಲ್ಲರನ್ನೂವಾ?"

"ಎಲ್ಲರನ್ನೂ."

ಆ ಸುಳ್ಳೇ ಮುಂದೆ ಮೂರು ಪುಸ್ತಕವಾಯಿತು. ಮೊಮ್ಮಗಳು ಕುಂದಾಪುರದ ಕಾಲೇಜಿಗೆ ಹೋಗುವಾಗಲೇ ಬರೆಯಲು ಶುರು ಮಾಡಿದ್ದಳು. ಕಡಲಿನ ಅಡಿಯಲ್ಲಿ ಸೂರ್ಯನಿಲ್ಲದ ಒಂದು ರಾಜ್ಯ. ಹೋದವರೆಲ್ಲ ತಮ್ಮ ಊರು ಮರೆತು ಅಲ್ಲೇ ಇದ್ದಾರೆ. ಹುಟ್ಟು ಹಾಕುವವರಿಲ್ಲದ ಒಂದು ದೋಣಿ ತಾನಾಗಿಯೇ ಅವರನ್ನು ಹುಡುಕಿಕೊಂಡು ಇಳಿಯುತ್ತದೆ. ಮೂರನೇ ಪುಸ್ತಕದ ಕೊನೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಜನ ಕಾದು ನಿಂತಿರುತ್ತಾರೆ. ದೋಣಿ ಬರುತ್ತದೆ, ತುಂಬಿಕೊಂಡು ಬರುತ್ತದೆ. ಆ ಪುಟ ಓದಿದ ದಿನ ನನ್ನ ಮಗಳು ಅನ್ನಕ್ಕೆ ಉಪ್ಪು ಹಾಕಲು ಮರೆತಳು. ನಾನೂ ಸುಮ್ಮನೆ ಉಂಡೆ.

ಆಮೇಲೆ ಮುಂಬೈಯ ಒಬ್ಬ ನಿರ್ದೇಶಕ ಅದನ್ನು ಧಾರಾವಾಹಿ ಮಾಡುತ್ತೇನೆಂದು ಬಂದ. "ಟಿವಿಯಲ್ಲಿ ಎಷ್ಟ್ ಗಂಟಿಗೆ?" ಎಂದು ಮೊಮ್ಮಗಳನ್ನು ಕೇಳಿದೆ.

"ಗಂಟಿ ಇಲ್ಲ ಅಜ್ಜಯ್ಯ. ಇಂಟರ್ನೆಟ್ಟಂಗೆ ಬಪ್ಪುದ್. ನೀವ್ ಯಾವತ್ ಕಾಂತ್ರ್ಯೋ ಅವತ್ತೇ."

"ಹಾಂಗಾರೆ ಊರವ್ರೆಲ್ಲ ಒಟ್ಟಿಗೆ ಕೂಕಂಡ್ ಕಾಂಬುದ್ ಹ್ಯಾಂಗೆ?"

"ನಿಮ್ಗೆ ಊರವ್ರಿಗೆ ತೋರ್ಸುದೇ ಚಿಂತೆ!" ಎಂದು ನಕ್ಕಳು. ಕಥೆಯನ್ನು ಧಾರಾವಾಹಿಗೆ ಹೊಂದಿಸಿ ಬರೆಯುವವರಲ್ಲಿ ಅವಳೂ ಒಬ್ಬಳಾಗಿ ಮುಂಬೈಗೆ ಹೋದಳು. ಚಿತ್ರೀಕರಣ ನಮ್ಮ ಅಳಿವೆಯಲ್ಲೇ ಎಂದಾಯಿತು. ದೋಣಿ ಕಟ್ಟುವ ಕೆಲಸ ನನಗೇ ಬಂತು. ಎಲ್ಲರೂ ಫೈಬರ್ ದೋಣಿಗೆ ಹೋದ ಮೇಲೆ ನನ್ನ ಉಳಿ, ಬಾಚಿ ತುಕ್ಕು ಹಿಡಿದು ಎಷ್ಟೋ ವರ್ಷವಾಗಿತ್ತು. ತೆಗೆದು ಮಸೆದೆ. ಅಳಿಯನ ಹಳೆಯ ದೋಣಿ ಹೊಳೆಬದಿಯಲ್ಲೇ ಗೆದ್ದಲು ಹಿಡಿದು ಮುಗಿದಿತ್ತು.

ಅವರ ಕಡೆಯಿಂದ ಬಂದ, ಸೆಟ್ ಹಾಕಿಸುವ ಬೆಂಗಳೂರಿನವನು ಕಾಗದದಲ್ಲಿ ಚಿತ್ರ ತೋರಿಸಿದ. "ಅಜ್ಜಾ, ಬಲಗಡೆ ಒಂದೇ ಸಾಕು. ಕ್ಯಾಮೆರಾ ಆ ಕಡೆಗೆ ಹೋಗಲ್ಲ. ಹಿಂದೆ ಕಂಬ ಕೊಟ್ಟು ನಿಲ್ಲಿಸ್ತೀವಿ. ಸಮುದ್ರ ಕಂಪ್ಯೂಟರಲ್ಲಿ ಬರುತ್ತೆ."

"ಮತ್ತೆ ತೇಲುದ್ ಹ್ಯಾಂಗೆ?"

"ತೇಲೋದೇ ಬೇಡ ಅಜ್ಜ."

ತಲೆಯಾಡಿಸಿದೆ. ಹೆಬ್ಬಲಸಿನ ಹಲಗೆ ಬಂತು. ಬಲಬದಿ ಮುಗಿಸಿದೆ. ಮುಗಿಸಿ ಎದುರು ಕುಳಿತು ನೋಡಿದೆ. ಆ ಕಥೆಯ ದೋಣಿ ಯಾರನ್ನು ಕರೆತರಲು ಹೊರಟದ್ದು ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದನ್ನು ಅರ್ಧ ಮಾಡಿ ಕಂಬಕ್ಕೆ ಒರಗಿಸುವುದೇ? ಟಾರ್ಪಾಲು ಕಟ್ಟಿ ಮರೆ ಮಾಡಿಕೊಂಡು ಎಡಬದಿಗೂ ಕೈ ಹಾಕಿದೆ.

ಮಗಳು ಚಾ ತಂದವಳು ನೋಡಿ ಗಾಬರಿಯಾದಳು. "ಅಪ್ಪಯ್ಯ, ಅವ್ರ್ ಕೇಂಡದ್ದ್ ಅರ್ಧ ಅಲ್ದಾ? ಅವ್ಳಿಗಾರೂ ಒಂದ್ ಫೋನ್ ಮಾಡಿ."

"ಸುಮ್ನಿರ್. ಬಂದ್ ಕಾಂಬತಿಗೆ ಅವ್ಳ್ ಕಣ್ಣ್ ಬಿಡ್ಕ್." ಒಮ್ಮೆಗೇ ತೋರಿಸಿ ಮೊಮ್ಮಗಳನ್ನು ಬೆರಗಾಗಿಸುವ ಆಸೆ ನನ್ನದು.

ಸಂದಿಗಳಿಗೆ ಹತ್ತಿ ತುಂಬಿದೆ, ಮರಕ್ಕೆ ಎಣ್ಣೆ ಕುಡಿಸಿದೆ. ಒಳಗೆ ನೀರು ಹೊಯ್ದು ನೋಡಿದೆ, ಒಂದು ಹನಿ ಸೋರಲಿಲ್ಲ. ನಿರ್ದೇಶಕ ಜಾಗ ನೋಡಲು ಬಂದ ದಿನ, ಹೊಳೆ ತುಂಬಿದ ಹೊತ್ತಿಗೆ, ಟಾರ್ಪಾಲು ಬಿಚ್ಚಿ ದೋಣಿಯನ್ನು ನೀರಿಗೆ ಇಳಿಸಿಯೇ ಬಿಟ್ಟೆ. ಬಾತುಕೋಳಿಯ ಹಾಗೆ ಕೂತಿತು. ಅವನು ಚಪ್ಪಾಳೆ ಹೊಡೆದ, ನನ್ನನ್ನು ಅಪ್ಪಿಕೊಂಡ. ಆ ಕೂಡಲೇ ಯಾರಿಗೋ ಫೋನು ಮಾಡಿದ. ನಾನು ಎದೆಯುಬ್ಬಿಸಿ ನಿಂತಿದ್ದೆ.

ಮೂರನೇ ದಿನ ಮೊಮ್ಮಗಳು ಬ್ರಹ್ಮಾವರದಲ್ಲಿ ಬಸ್ಸಿಳಿದು ರಿಕ್ಷಾ ಮಾಡಿಕೊಂಡು ಬಂದಳು. ಚೀಲ ಕೆಳಗಿಡಲೂ ಬಿಡದೆ ಹೊಳೆಬದಿಗೆ ಕರೆದುಕೊಂಡು ಹೋದೆ. ದೋಣಿ ಕಂಡವಳೇ ನಕ್ಕಳು, ಬಗ್ಗಿ ಹಲಗೆಯನ್ನು ಮೂಸಿದಳು. ನೀರಿಗಿಳಿದು ಎಡಬದಿಗೆ ಹೋಗಿ ಅಲ್ಲೇ ನಿಂತಳು.

"ಅಜ್ಜಯ್ಯ, ಇದ್ ತೇಲತ್ತಾ?"

"ತೇಲತ್ತಾ ಅಂದ್ರೆ? ಹತ್ತ್ ಜನ ಕೂಕಂಡ್ ಹೋಯ್ಲಕ್ಕ್!"

"ಅವ್ರ್ ಕಂಡ್ರಾ?"

"ಕಂಡ್ರ್. ಚಪ್ಪಾಳೆ ಹೊಡದ್ರ್."

ಮೊಣಕಾಲುದ್ದದ ನೀರಿನಲ್ಲಿ ಬಟ್ಟೆ ಒದ್ದೆಯಾಗುವುದನ್ನೂ ನೋಡದೆ ಅವಳು ದೋಣಿಗೆ ತಲೆ ಆನಿಸಿದಳು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಹೇಳಿದಳು. ನಿರ್ದೇಶಕನಿಗೆ ಕೊನೆಯಲ್ಲಿ ದೋಣಿ ವಾಪಸು ಬರುವುದು ಮೊದಲಿನಿಂದಲೂ ಬೇಡವಾಗಿತ್ತಂತೆ. ಅಳಿವೆಯ ನಡುವೆ ಅದು ಹೊತ್ತಿ ಉರಿಯಬೇಕು, ದಡದ ಜನ ನೋಡುತ್ತ ನಿಲ್ಲಬೇಕು ಎಂದು ಅವನ ಆಸೆ. ಇವಳು ತಿಂಗಳುಗಟ್ಟಲೆ ಜಗಳವಾಡಿದ್ದಳು. ಕಂಪ್ಯೂಟರಿನ ಬೆಂಕಿ ಸುಳ್ಳು ಕಾಣುತ್ತದೆ, ಅದು ಬೇಡ ಎಂದು ಅವನೇ ಹೇಳಿದ್ದನ್ನು ಹಿಡಿದುಕೊಂಡು, ಅರ್ಧ ದೋಣಿ ನೀರಿನ ಮೇಲೆ ನಿಲ್ಲುವುದಿಲ್ಲ, ಸುಡುವುದು ಏನನ್ನು ಎಂದು ಕೇಳಿ ಗೆದ್ದಿದ್ದಳು. ಪುಸ್ತಕದಲ್ಲಿದ್ದ ಹಾಗೆಯೇ ಇರಲಿ ಎಂದು ಅವನು ಒಪ್ಪಿದ್ದ.

"ಸುಡೂಕೆ ದೋಣಿ ಇಲ್ಲ ಅಂದೇಳಿಯೇ ಅವ್ರ್ ಬಿಟ್ಟದ್ದ್ ಅಜ್ಜಯ್ಯ. ಈಗ ದೋಣಿ ಇತ್ತಲೆ, ಸುಡ್ತ್ರ್."

ನಾನು ನಿರ್ದೇಶಕನ ಹತ್ತಿರ ಹೋದೆ. ಹುಡುಗನಾಗಿದ್ದಾಗ ಮುಂಬೈಯ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಬೇಡಿಕೊಂಡೆ. ಎಡಬದಿಗೆ ಗರಗಸ ಹಾಕಿ ಇವತ್ತೇ ತೆಗೆಯುತ್ತೇನೆ, ನೀವು ಹೇಳಿದ್ದು ಅರ್ಧವೇ ತಾನೆ ಎಂದೆ. ಕೆಟ್ಟವನಲ್ಲ ಅವನು. ನನ್ನ ಕೈ ಹಿಡಿದು, ಅಷ್ಟು ಚೆಂದದ ದೋಣಿಗೆ ಅಷ್ಟೇ ಚೆಂದದ ಕೊನೆ ಕೊಡುತ್ತೇನೆ ಎಂದ. ಕಥೆ ಬದಲಿಸಲು ಅಡ್ಡಿಯಿಲ್ಲ ಎಂಬ ಕಾಗದಕ್ಕೆ ಮೊಮ್ಮಗಳು ಮೊದಲೇ ಸಹಿ ಹಾಕಿದ್ದಳು.

ಚಿತ್ರೀಕರಣದ ದಿನ ಮೂರ್ಸಂಜೆಗೆ ದೋಣಿಗೆ ಬೆಂಕಿ ಕೊಟ್ಟರು. ಕ್ಯಾಮೆರಾದವರು ಇನ್ನೊಂದು ದೋಣಿಯಲ್ಲಿ ಸುತ್ತು ಹಾಕಿ ಎಡಬದಿಗೆ ಹೋದರು. ಎಣ್ಣೆ ಕುಡಿದ ಮರ, ಉರಿಯಿತು. ನೀರು ನುಗ್ಗಿದರೆ ಬೆಂಕಿ ಆರೀತು ಎಂದು ಕಾದೆ. ನಾನು ತುಂಬಿದ ಹತ್ತಿ ಬಿಟ್ಟುಕೊಡಲಿಲ್ಲ. ಒಂದು ಹನಿ ಒಳಗೆ ಹೋಗಲಿಲ್ಲ. ಮಗಳು ಮನೆಯಿಂದ ಹೊರಗೇ ಬರಲಿಲ್ಲ. ಮೊಮ್ಮಗಳು ನನ್ನ ತೋಳು ಹಿಡಿದು ನಿಂತಿದ್ದಳು, ಕಣ್ಣು ಮುಚ್ಚಿರಲಿಲ್ಲ.

ಧಾರಾವಾಹಿ ಬಂದ ಮೇಲೆ ನನಗೆ ಊರಿನಲ್ಲಿ ಎಲ್ಲಿಲ್ಲದ ಮರ್ಯಾದೆ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸುತ್ತ, "ಹ್ವಾಯ್, ನಿಮ್ ದೋಣಿ ಉರ್ದದ್ದ್ ಎಷ್ಟ್ ಚೆಂದ ಮಾರಾಯ್ರೆ! ನಾನ್ ಎರಡ್ ಸರ್ತಿ ಕಂಡೆ," ಎನ್ನುತ್ತಾಳೆ. ಹೌದು, ಚೆಂದವೇ ಇತ್ತು ಎನ್ನುತ್ತೇನೆ.

ಪುಸ್ತಕ ಓದಿ ಪ್ರೀತಿಸಿದವರು ಮಾತ್ರ ಮೊಮ್ಮಗಳಿಗೆ ಬೈದು ಬರೆಯುತ್ತಾರೆ. ಧಾರಾವಾಹಿಯ ಆಸೆಗೆ ನಿನ್ನ ಕಥೆಯನ್ನು ನೀನೇ ಸುಟ್ಟೆ ಎಂದು ಒಬ್ಬರು ಬರೆದಿದ್ದರು. ಆ ತೀರ್ಮಾನ ತನ್ನದೇ ಎಂದು ಇವಳು ಎಲ್ಲರಿಗೂ ಉತ್ತರ ಕೊಡುತ್ತಾಳೆ. ಸುಳ್ಳು ಯಾಕೆ ಹೇಳುತ್ತೀ ಎಂದು ಕೇಳಿದೆ.

"ಮತ್ತೆಂತ ಹೇಳುದ್? ನಮ್ಮ್ ಅಜ್ಜಯ್ಯ ದೋಣಿ ಪೂರ್ತಿ ಕಟ್ರ್ ಅಂದೇಳಿ ದೂರ್ ಹೇಳುಕಾತ್ತಾ?"

ಅವಳು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಓದಿದವರು ದಯಮಾಡಿ ಆ ಹುಡುಗಿಯನ್ನು ಬೈಯಬೇಡಿ. ಅವಳು ಕೊನೆಯವರೆಗೂ ದೋಣಿಯನ್ನು ದಡಕ್ಕೆ ತರಲು ನೋಡಿದಳು. ಬೈಯಲೇಬೇಕು ಅನಿಸಿದರೆ ಹಂಗಾರಕಟ್ಟೆಯಲ್ಲಿ ಇಳಿದು ದೋಣಿ ಕಟ್ಟುವ ಅಜ್ಜನ ಮನೆ ಯಾವುದೆಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಬನ್ನಿ, ಬೈಯಿರಿ, ಊಟ ಮಾಡಿಕೊಂಡು ಹೋಗಿ.